ಪ್ರೇಮದ ಪೇಟೆಯಲ್ಲಿ ಕನ್ನಡದ ‘ನೀನು’

ಪುಣೆಯ ಕನ್ನಡ ಹಿರಿಯರಲ್ಲಿ ಈಚೆಗೆ ಒಂದು ಆತಂಕ ಬಲವಾಗಿದೆ. ಹಿಂಜವಡಿಯ ಕಚೇರಿಗಳಲ್ಲಿ ದುಡಿಯುವ ಮಕ್ಕಳು ಡೇಟಿಂಗ್ ಆ್ಯಪ್‌ಗಳಲ್ಲಿ ಸಂಗಾತಿಯನ್ನು ಅರಸುತ್ತಾರೆ. ಹೀಗಾದರೆ ಮುಂದಿನ ತಲೆಮಾರಿನಲ್ಲಿ ಕನ್ನಡ ಉಳಿಯುವುದೆಂತು ಎಂಬುದು ಅವರ ಪ್ರಶ್ನೆ. ಆದರೆ ನಾವು ಇದುವರೆಗೆ ಕಾಯುತ್ತ ಬಂದದ್ದು ಕನ್ನಡವನ್ನೋ, ಜಾತಿಯನ್ನೋ? ವಧೂವರರ ಯಾದಿಯಲ್ಲಿ ‘ಮಾತೃಭಾಷೆ ಕನ್ನಡ’ ಎಂಬುದರ ಮರುಸಾಲಿನಲ್ಲೇ ಒಳಪಂಗಡವನ್ನೂ ಬರೆಸಿದವರು ನಾವು. ಈ ಮನೋಧರ್ಮವನ್ನು ವ್ಯಾಪಾರ ಚೆನ್ನಾಗಿ ಅರಿಯಿತು. ಚೆನ್ನೈಯ ಮ್ಯಾಟ್ರಿಮೊನಿ ಡಾಟ್ ಕಾಮ್ ಭಾಷೆಗೊಂದು, ಜಾತಿಗೊಂದು ತಾಣ ಕಟ್ಟಿ, 2017ರಲ್ಲಿ ಷೇರುಪೇಟೆಯನ್ನೂ ಪ್ರವೇಶಿಸಿತು.

2012ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಟಿಂಡರ್ ಗೋತ್ರ ಕೇಳುವುದಿಲ್ಲ. ಬೆರಳು ಬಲಕ್ಕೆ ಸರಿದರೆ ಮೆಚ್ಚುಗೆ, ಎಡಕ್ಕೆ ಸರಿದರೆ ನಿರಾಕರಣೆ. ನಿಮ್ಮನ್ನು ಮೆಚ್ಚಿದವರಾರೆಂದು ಮುಂದಾಗಿ ತಿಳಿಯಬೇಕಾದರೆ ಹಣ ತೆರಬೇಕು. ಕುತೂಹಲಕ್ಕೇ ಬೆಲೆ ಕಟ್ಟಿದ ಈ ಜಾಣತನಕ್ಕೆ ಹಳೆಯ ಮದುವೆ ದಲ್ಲಾಳಿಗಳೂ ತಲೆದೂಗಿಯಾರು! ಆದರೂ, ಪುರೋಹಿತನಿಲ್ಲದ ಸತ್ಯಶೋಧಕ ವಿವಾಹವನ್ನು 1873ರಲ್ಲೇ ಕಂಡ ಈ ಊರಿನಲ್ಲಿ, ಇಬ್ಬರು ತಾವಾಗಿ ಒಬ್ಬರನ್ನೊಬ್ಬರು ಆರಿಸಿಕೊಳ್ಳುವುದನ್ನು ಸಂಸ್ಕೃತಿಯ ಅಧಃಪತನವೆಂದು ನಾನು ಒಪ್ಪಲಾರೆ.

ನನ್ನ ಚಿಂತೆ ಬೇರೆಯದು. ಕನ್ನಡದ ಪ್ರೇಮದಲ್ಲಿ ‘ನೀವು’ ಎಂಬುದು ‘ನೀನು’ ಆಗುವ ಒಂದು ಗಳಿಗೆಯಿದೆ. ಅಂಜಿಕೆ, ಸಲುಗೆ, ಭರವಸೆ ಎಲ್ಲವೂ ಆ ಒಂದು ಪದದ ಬದಲಾವಣೆಯಲ್ಲಿ ಅಡಗಿರುತ್ತವೆ. ಮರಾಠಿಯ ‘ತುಮ್ಹಿ’ ‘ತೂ’ ಆಗುವಾಗಲೂ ಹೀಗೆಯೇ. ಇಂಗ್ಲಿಷಿನ ‘ಯೂ’ಗೆ ಆ ಮೆಟ್ಟಿಲಿಲ್ಲ. ನಮ್ಮ ಮಕ್ಕಳು ಆ್ಯಪ್‌ನಲ್ಲಿ ಒಲವನ್ನು ಇಂಗ್ಲಿಷಿನಲ್ಲೇ ಬರೆಯುತ್ತಾರೆಂದರೆ ತಪ್ಪು ಆ್ಯಪ್‌ನದಲ್ಲ. ನಾವು ಅವರಿಗೆ ಕೊಟ್ಟದ್ದು ಊಟಕ್ಕೆ ಕರೆಯುವ, ಗದರಿಸುವ, ಊರಿನ ಅಜ್ಜಿಗೆ ಫೋನಿನಲ್ಲಿ ಕ್ಷೇಮಸಮಾಚಾರ ಹೇಳುವ ಕನ್ನಡ. ಒಲವಿನ ಕನ್ನಡವನ್ನು ಅವರು ಮನೆಯಲ್ಲಿ ಕೇಳಿದ್ದೇ ಇಲ್ಲ. ಮಕ್ಕಳೆದುರು ನಮ್ಮ ದಾಂಪತ್ಯದ ಮಾತು ‘ರೀ’, ‘ಏ, ಇಲ್ಲಿ ಕೇಳು’ ಎಂಬುದರಾಚೆ ಹೋಗಲಿಲ್ಲವಲ್ಲ!

ಬೆಂಗಳೂರಿನಲ್ಲಿ ಆರಂಭವಾದ ಐಲ್ ಸಂಸ್ಥೆ 2022ರಲ್ಲಿ ಕನ್ನಡಿಗರಿಗೆಂದೇ ಒಂದು ಡೇಟಿಂಗ್ ಆ್ಯಪ್ ತಂದಿತು. ಅದಕ್ಕಿಟ್ಟ ಹೆಸರು ‘ನೀನೇ’. ರಾಜ್ಯೋತ್ಸವದ ವೇದಿಕೆಗಳಲ್ಲಿ ನಾವು ಕನ್ನಡವನ್ನು ತಾಯಿಯೆಂದಷ್ಟೇ ಕೊಂಡಾಡುತ್ತಿದ್ದಾಗ, ಅದಕ್ಕೆ ಗೆಳತಿಯ ದನಿಯೂ ಉಂಟೆಂದು ಗುರುತಿಸಿದ್ದು ಪೇಟೆ.

ಹೊರನಾಡಿನ ಸಂಘಗಳು ವಧೂವರರ ಅರ್ಜಿಯಿಂದ ಒಳಪಂಗಡದ ಅಂಕಣವನ್ನು ತೆಗೆದುಹಾಕಲಿ. ತೆರವಾದ ಜಾಗದಲ್ಲಿ ‘ಸಂಗಾತಿಯೊಡನೆ ಕನ್ನಡದಲ್ಲಿ ಜಗಳವಾಡಬಲ್ಲಿರಾ?’ ಎಂದು ಕೇಳಲಿ. ಆ ಅಂಕಣವನ್ನು ನಮ್ಮಲ್ಲಿ ಎಷ್ಟು ಮಂದಿ ತಂದೆತಾಯಂದಿರು ಧೈರ್ಯವಾಗಿ ತುಂಬಿಯಾರೋ ನೋಡೋಣ.