ವೆಜ್ಜಾ ನಾನ್‌ವೆಜ್ಜಾ ಅಂತ ಕೇಳಿದ್ರೆ ಸಾಕಾ?

ನನ್ನ ದೊಡ್ಡಮ್ಮನ ಮಗಳು ಅಮೆರಿಕದ ಓಹಾಯೋದಲ್ಲಿ ಎಂಎಸ್ ಓದ್ತಿದ್ದಾಳೆ. ಹೋದ ನವೆಂಬರ್‌ನಲ್ಲಿ ಒಂದು ಸೋಮವಾರ ಬೆಳಗ್ಗೆ ಎಂಟು ಗಂಟೆಗೆ, ಅಂದ್ರೆ ಅವಳಿಗೆ ಭಾನುವಾರ ರಾತ್ರಿ ಒಂಬತ್ತೂವರೆಗೆ, ಫೋನ್ ಮಾಡಿ "ಲೋ, ಗುರುವಾರ ನಮ್ಮ ಮನೇಲಿ ಥ್ಯಾಂಕ್ಸ್‌ಗಿವಿಂಗ್ ಊಟ. ಒಂಬತ್ತು ಜನ. ತಲೆ ಕೆಟ್ಟೋಗಿದೆ" ಅಂದಳು. ನನಗೆ ಎಂಟೂವರೆಗೆ ಕ್ಲಾಸು. "ಎಲ್ಲಾ ವೆಜ್ ಮಾಡ್ಬಿಡಕ್ಕ, ಎಲ್ಲರೂ ತಿಂತಾರೆ" ಅಂತ ಹೇಳಿ ಓಡಿದೆ.

ಆ ಉತ್ತರ ತಪ್ಪಾಗಿತ್ತು. ಯಾಕೆ ಅಂತ ಹೇಳೋಕೇ ಇದನ್ನ ಬರೀತಿದ್ದೀನಿ.

'ಫ್ರೆಂಡ್ಸ್' ನೋಡಿದವರಿಗೆ ತಲೆಗೆ ಟರ್ಕಿ ಕೋಳಿ ಸಿಕ್ಕಿಸಿಕೊಂಡ ಸೀನ್ ನೆನಪಿರತ್ತೆ. ಅದೇ ಹಬ್ಬ. ನವೆಂಬರ್‌ನ ನಾಲ್ಕನೇ ಗುರುವಾರ ಅಲ್ಲಿ ಎಲ್ಲರೂ ಊರಿಗೆ ಹೋಗ್ತಾರೆ, ಕ್ಯಾಂಪಸ್ ಖಾಲಿ. ಊರಿಗೆ ಹೋಗೋಕಾಗದೆ ಉಳಿಯೋದು ನಮ್ಮಂಥ ಹೊರದೇಶದ ವಿದ್ಯಾರ್ಥಿಗಳು. ಅದಕ್ಕೆ ಯಾರಾದರೂ ಮನೆಗೆ ಕರೀತಾರೆ, ಇಲ್ಲಾಂದ್ರೆ ಇವರೇ ಸೇರಿ ಮಾಡ್ಕೋತಾರೆ.

ಅದರ ಹಿಂದಿನ ವರ್ಷ ಅಕ್ಕನನ್ನೂ ಅವಳ ರೂಮ್‌ಮೇಟನ್ನೂ ಒಬ್ಬರು ಪ್ರೀತಿಯಿಂದ ಕರೆದಿದ್ರಂತೆ. ರೂಮ್‌ಮೇಟ್ ಗುಜರಾತಿ ಜೈನ ಹುಡುಗಿ. "ವೆಜ್ ತುಂಬಾ ಇದೆ" ಅಂದಿದ್ರು, ನೋಡೋಕೆ ಇತ್ತು ಕೂಡ. ಆದರೆ ಬ್ರೆಡ್ಡಿನಿಂದ ಮಾಡಿದ ಸ್ಟಫಿಂಗ್ ಬೇಯಿಸಿದ್ದು ಕೋಳಿ ಸ್ಟಾಕಲ್ಲಿ. ಬೀನ್ಸ್ ಜೊತೆ ಬೇಕನ್. ಗೆಣಸಿನ ಮೇಲೆ ಹಾಕಿದ್ದ ಮಾರ್ಷ್‌ಮೆಲ್ಲೋದಲ್ಲಿ ಜೆಲಾಟಿನ್, ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರೋದು; ಸಾಲದ್ದಕ್ಕೆ ಗೆಣಸೇ ಜೈನರಿಗೆ ಆಗಲ್ಲ, ನೆಲದೊಳಗೆ ಬೆಳೆಯೋದು. ಆಲೂಗಡ್ಡೆನೂ ಅಷ್ಟೆ. ಕೊನೆಗೆ ಅವಳ ತಟ್ಟೆಯಲ್ಲಿ ಉಳಿದಿದ್ದು ಒಂದು ಬ್ರೆಡ್ಡು, ಒಂದು ಚಮಚ ಕ್ರ್ಯಾನ್‌ಬೆರಿ ಸಾಸ್. ಅದಕ್ಕಿಂತ ಕಷ್ಟ ಏನಂದ್ರೆ, ಟೇಬಲ್ ಸುತ್ತ ಇದ್ದವರೆಲ್ಲ "ಯಾಕೆ ತಿನ್ತಿಲ್ಲ?" ಅಂತ ಕೇಳಿ, ಅವಳು ಹದಿನೈದು ನಿಮಿಷ ಜೈನ ಧರ್ಮದ ಮೇಲೆ ಸೆಮಿನಾರ್ ಕೊಡಬೇಕಾಯ್ತು. ಕರೆದವರಿಗೂ ಪಾಪ ಮುಖ ಸಣ್ಣಗಾಯ್ತಂತೆ.

ಇಲ್ಲಿ ತೊಂದರೆ ಮಾಡಿದ್ದು ಟರ್ಕಿ ಅಲ್ಲ ನೋಡಿ. ಟರ್ಕಿ ಮಧ್ಯದಲ್ಲಿ ಕಾಣೋ ಹಾಗೆ ಕೂತಿತ್ತು, ಬೇಡದವರು ಬಿಟ್ರು. ತೊಂದರೆ ಆಗಿದ್ದು ಕಾಣದೇ ಇರೋದ್ರಿಂದ.

ಈಗ ನನ್ನ ಕಥೆ. ಫಸ್ಟ್ ಇಯರಲ್ಲಿ ಟ್ರಿಪ್ ಹೋದಾಗ ಊಟದ ಜವಾಬ್ದಾರಿ ನನ್ನದು. ಜಗಳವೇ ಬೇಡ ಅಂತ ಎಲ್ಲರಿಗೂ ಪುಳಿಯೋಗರೆ ಹೇಳಿಸಿದೆ. ಒಬ್ಬ ಫ್ರೆಂಡ್ ಬೆಳಗ್ಗೆಯಿಂದ ಸಂಜೆವರೆಗೆ ಬಿಸ್ಕೆಟ್ ಮೇಲೇ ಇದ್ದ. "ಹೊಟ್ಟೆ ಸರಿ ಇಲ್ಲ ಮಗಾ" ಅಂದ. ಅವನಿಗೆ ಕಡಲೆಕಾಯಿ ಅಲರ್ಜಿ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. "ಅವತ್ತೇ ಯಾಕೋ ಹೇಳಲಿಲ್ಲ?" ಅಂದ್ರೆ, "ನೀನು ಕೇಳಲಿಲ್ಲ, ಬಸ್ಸಲ್ಲಿ ಎಲ್ಲರ ಮುಂದೆ ಏನಂತ ಹೇಳಲಿ" ಅಂದ. ಅವನು ಗೊತ್ತಿಲ್ಲದೆ ಒಂದು ತುತ್ತು ತಿಂದಿದ್ರೆ? ಘಾಟಿ ಮಧ್ಯೆ ಆಸ್ಪತ್ರೆ ಎಲ್ಲಿತ್ತು? ಇದನ್ನ ಯೋಚಿಸಿದ್ರೆ ಈಗಲೂ ಕೈ ತಣ್ಣಗಾಗತ್ತೆ. ಮತ್ತೆ ನಾನು 'ವೆಜ್ ಅಂದ್ರೆ ಸೇಫ್' ಅಂತ ಅಕ್ಕನಿಗೂ ಉಪದೇಶ ಮಾಡಿದ್ದೆ!

ಅಕ್ಕ ನನ್ನ ಮಾತು ಕೇಳಲಿಲ್ಲ, ಪುಣ್ಯ. ಅವಳ ಲಿಸ್ಟ್ ಹೀಗಿತ್ತು: ಜೈನ ರೂಮ್‌ಮೇಟ್, ಹಲಾಲ್ ಮಾತ್ರ ತಿನ್ನೋ ಬಾಂಗ್ಲಾದೇಶದ ಹುಡುಗ, ಸೀಲಿಯಾಕ್ ಕಾಯಿಲೆ ಇರೋ ಅಮೆರಿಕನ್ ಹುಡುಗಿ (ಗೋಧಿ ಹೊಟ್ಟೆಗೆ ಹೋದ್ರೆ ಸಣ್ಣ ಕರುಳಿಗೇ ಏಟು), ಮಾಂಸ ಇಲ್ಲದೆ ಹಬ್ಬ ಏನು ಅನ್ನೋ ಇಬ್ಬರು ತೆಲುಗು ಹುಡುಗರು. ಉಳಿದವರು ಏನಾದ್ರೂ ಸರಿ ಅನ್ನೋರು. ನಮ್ಮಕ್ಕನೂ ಮಟನ್ ಮನೆಯವಳೇ.

ನಾವು ಡಿಸೈನ್ ಕ್ಲಾಸಲ್ಲಿ ವರ್ಸ್ಟ್ ಕೇಸ್ ಅಂತ ಓದ್ತೀವಲ್ಲ, ಅವಳು ಅದನ್ನೇ ಅಡುಗೆಗೆ ಹಾಕಿದಳು. ಒಬ್ಬೊಬ್ಬರಿಗೆ ಸ್ಪೆಷಲ್ ತಟ್ಟೆ ಇಲ್ಲ. ಎಲ್ಲರಿಗೂ ಇಡೋ ಪದಾರ್ಥನ ಅತಿ ಕಟ್ಟುನಿಟ್ಟಿನವರು ತಿನ್ನೋ ಹಾಗೇ ಮಾಡೋದು. ಈರುಳ್ಳಿ, ಕಡಲೆಕಾಯಿ ಎರಡೂ ಇಲ್ಲದ, ಕಡಲೆಬೇಳೆ ಉದ್ದಿನಬೇಳೆ ಜಾಸ್ತಿ ಹಾಕಿದ ನಿಂಬೆಹಣ್ಣಿನ ಚಿತ್ರಾನ್ನ. ಕಾಯಿತುರಿ ಹಾಕಿದ ಬೀನ್ಸ್ ಪಲ್ಯ. ಕ್ರ್ಯಾನ್‌ಬೆರಿ ನಮ್ಮ ಕವಳೆಕಾಯಿ ಥರ ಸಿಕ್ಕಾಪಟ್ಟೆ ಹುಳಿ, ಅದಕ್ಕೆ ಬೆಲ್ಲ ಹಾಕಿ ಗೊಜ್ಜು. ಸಿಹಿಗುಂಬಳಕ್ಕೆ ತೆಂಗಿನಹಾಲು ಸೇರಿಸಿ ಪಾಯಸ, ಅಲ್ಲಿನವರ ಕುಂಬಳದ ಪೈ ಬದಲು. (ಮೆಣಸಿನಕಾಯಿ, ಸಿಹಿಗುಂಬಳ ಎರಡೂ ಅಮೆರಿಕ ಖಂಡದಿಂದಲೇ ನಮಗೆ ಬಂದಿದ್ದು. ಹಾಗಾಗಿ ಇದನ್ನ ಥ್ಯಾಂಕ್ಸ್‌ಗಿವಿಂಗ್ ಊಟ ಅಲ್ಲ ಅಂತ ಯಾರೂ ಹೇಳೋ ಹಾಗಿಲ್ಲ.)

ನನಗೆ ಶಾಕ್ ಆಗಿದ್ದು ಇಂಗಿನ ವಿಷಯ. ಅಂಗಡಿಯಲ್ಲಿ ಸಿಗೋ ಇಂಗಿನ ಪುಡಿಗೆ ಸಾಮಾನ್ಯವಾಗಿ ಗೋಧಿ ಅಥವಾ ಮೈದಾ ಹಿಟ್ಟು ಬೆರೆಸಿರ್ತಾರೆ. ಅಂದ್ರೆ ಈರುಳ್ಳಿ ಇಲ್ಲದ, ಜೈನರೂ ತಿನ್ನೋ ಚಿತ್ರಾನ್ನದ ಒಗ್ಗರಣೆಗೆ ಚಿಟಿಕೆ ಇಂಗು ಬಿದ್ರೆ, ಸೀಲಿಯಾಕ್ ಇರೋ ಹುಡುಗಿ ಔಟ್. ಡಬ್ಬಿ ಹಿಂದೆ ಓದಿದ್ದಕ್ಕೆ ಗೊತ್ತಾಯ್ತು.

ಟರ್ಕಿನೂ ಇತ್ತು. 12 ಪೌಂಡಿನದು, ಹಲಾಲ್ ಅಂಗಡಿಯಿಂದ ತಂದಿದ್ದು. ಅದರಿಂದ ಬೇರೆ ಯಾರಿಗೂ ನಷ್ಟ ಇಲ್ಲ, ಆ ಹುಡುಗನಿಗೆ ಲಾಭ. ಫ್ರಿಡ್ಜಲ್ಲೇ ಐಸ್ ಬಿಡೋಕೆ ಮೂರು ದಿನ ಬೇಕು, ಅದಕ್ಕೇ ಭಾನುವಾರವೇ ಫೋನು. ಒಳಗೆ 165 ಡಿಗ್ರಿ ಫ್ಯಾರನ್‌ಹೀಟ್, ಅಂದ್ರೆ 74 ಸೆಲ್ಸಿಯಸ್ ತಲುಪೋವರೆಗೆ ಓವನಲ್ಲಿ. ಆದರೆ ಅದರ ರಸ, ಗ್ರೇವಿ, ಸೌಟು ಯಾವುದೂ ಬೇರೆ ಪಾತ್ರೆಗೆ ಹೋಗಬಾರದು. ಮಾಂಸಕ್ಕೆ ಅಂತಾನೇ ಒಂದು ಚಿಕ್ಕ ಟೇಬಲ್. ಪ್ರತಿ ಪಾತ್ರೆ ಮುಂದೆ ಒಂದು ಚೀಟಿ, ಅದರಲ್ಲಿ ಹಾಕಿದ್ದೆಲ್ಲದರ ಹೆಸರು. ನನ್ನ ಪ್ರಕಾರ ಇಡೀ ಊಟದಲ್ಲಿ ಮುಖ್ಯವಾದ್ದು ಆ ಚೀಟಿ. ಯಾರೂ ಯಾರನ್ನೂ ಏನೂ ಕೇಳಬೇಕಾಗಿಲ್ಲ, ಯಾರೂ ಸೆಮಿನಾರ್ ಕೊಡಬೇಕಾಗಿಲ್ಲ.

ಎಲ್ಲಾ ವೆಜ್ ಮಾಡಿದ್ರೆ ಸುಲಭ ಇತ್ತು ನಿಜ. ಆದರೆ ಮಾಂಸ ತಿನ್ನೋರಿಗೂ ಹಬ್ಬ ಇದೆ. ನಮ್ಮಲ್ಲಿ 'ಅಡ್ಜಸ್ಟ್ ಮಾಡ್ಕೊಳ್ಳಿ' ಅಂತ ಹೇಳಿಸ್ಕೊಳ್ಳೋದು ಹೆಚ್ಚಿನ ಸಲ ಅವರೇ, ಏನೋ ತಪ್ಪು ಮಾಡ್ತಿರೋ ಹಾಗೆ. ಇದು ನಿಮ್ಮಲ್ಲಿ ಕೆಲವರಿಗೆ ಇಷ್ಟ ಆಗಲ್ಲ, ಗೊತ್ತು. ಕಾಮೆಂಟಲ್ಲಿ ಜಗಳ ಆಡೋಣ.

ಹಾಗಂತ ಈ ಹಬ್ಬ ಎಲ್ಲರಿಗೂ ಖುಷಿಯದೂ ಅಲ್ಲ. 1621ರಲ್ಲಿ ಪ್ಲಿಮತ್‌ನಲ್ಲಿ ಇಂಗ್ಲಿಷರ ಜೊತೆ ಊಟ ಮಾಡಿದ ವಾಂಪನೋಗ್ ಜನ ಐದು ಜಿಂಕೆ ತಂದಿದ್ರು ಅಂತ ಆಗಿನ ಪತ್ರದಲ್ಲೇ ಇದೆ. ಅವರು ಆಮೇಲೆ ನೆಲ ಕಳ್ಕೊಂಡ್ರು. 1970ರಿಂದ ಅದೇ ಗುರುವಾರ ಅದೇ ಪ್ಲಿಮತ್‌ನಲ್ಲಿ ಮೂಲನಿವಾಸಿಗಳು ಶೋಕದ ದಿನ ಆಚರಿಸ್ತಾರೆ. ಅಕ್ಕನಿಗೆ ಇದನ್ನ ಹೇಳಿದ್ದು ಆ ಅಮೆರಿಕನ್ ಹುಡುಗಿಯೇ, ಊಟದ ಮಧ್ಯೆ.

ಶುಕ್ರವಾರ ಬೆಳಗ್ಗೆ ಆರೂವರೆಗೆ ಮತ್ತೆ ಕಾಲ್. ರೂಮ್‌ಮೇಟ್ ಮೂರನೇ ಸಲ ಚಿತ್ರಾನ್ನ ಹಾಕ್ಕೊಳ್ತಿದ್ಲು. ಒಬ್ಬ ತೆಲುಗು ಹುಡುಗ ಟರ್ಕಿ ಕಾಲು ಹಿಡ್ಕೊಂಡು ಕ್ಯಾಮೆರಾಗೆ ಪೋಸ್ ಕೊಟ್ಟ. ಪಾಯಸದ ಪಾತ್ರೆ ಖಾಲಿ.

ಈ ಸಲದ ಟ್ರಿಪ್ಪಿನ ಗೂಗಲ್ ಫಾರ್ಮ್ ನಾನೇ ಮಾಡಿದ್ದೀನಿ. 'ವೆಜ್ / ನಾನ್‌ವೆಜ್' ಅನ್ನೋ ಎರಡು ಬಾಕ್ಸ್ ತೆಗೆದು, 'ಏನೇನು ತಿನ್ನಲ್ಲ, ಏನೇನು ತಿನ್ನಬಾರದು?' ಅಂತ ಖಾಲಿ ಜಾಗ ಬಿಟ್ಟಿದ್ದೀನಿ. ಉತ್ತರ ನನಗೆ ಮಾತ್ರ ಕಾಣತ್ತೆ. ಮೊದಲ ಉತ್ತರ ಆ ಫ್ರೆಂಡಿಂದೇ ಬಂತು, ಒಂದೇ ಪದ: ಕಡಲೆಕಾಯಿ. 'ಬದನೆಕಾಯಿ, ಯಾಕಂದ್ರೆ ನೋಡೋಕೇ ಆಗಲ್ಲ' ಅಂತ ಬರೆದಿರೋ ಮಹಾನುಭಾವ ಯಾರು ಅಂತ ನನಗೆ ಗೊತ್ತು. ಅದನ್ನೂ ಬರ್ಕೊಂಡಿದ್ದೀನಿ, ಲಿಸ್ಟಿನ ಕೊನೇಲಿ.