'ಬಗ್ ಫಿಕ್ಸ್ಡ್' ಅಂದ್ರೆ ಯಾವ ಬಗ್ ಗುರು?

ನಮ್ಮ ಪ್ರಾಜೆಕ್ಟ್‌ನ ಗಿಟ್ ಲಾಗ್ ತೆಗೆದು ನೋಡಿ: 'ಅಪ್‌ಡೇಟ್', 'ಬಗ್ ಫಿಕ್ಸ್ಡ್', 'ಫೈನಲ್', 'ಫೈನಲ್ 2'. ಡೆಮೊ ಹಿಂದಿನ ರಾತ್ರಿ, ಬೇಡ ಅನ್ನಿಸಿದ ಒಂದು ಡಿಲೇ ಸಾಲನ್ನು ಅಳಿಸಿದೆ. ಬೆಳಿಗ್ಗೆ ಸೆನ್ಸರ್ ಕೈಕೊಟ್ಟಿತು. ಆ ಸಾಲು ಯಾಕಿತ್ತು ಅಂತ ಎಲ್ಲೂ ಬರೆದಿರಲಿಲ್ಲ. ಎರಡು ತಿಂಗಳ ಹಿಂದೆ ಅದನ್ನು ಸೇರಿಸಿದವನೂ ನಾನೇ!

ಗಿಟ್ ಹುಟ್ಟಿದ್ದೇ 2005ರಲ್ಲಿ, ಲಿನಕ್ಸ್ ಕರ್ನಲ್‌ಗಾಗಿ. ಅಲ್ಲಿ ಪ್ಯಾಚ್ ಕಳಿಸುವವರು ಮೊದಲು ಸಮಸ್ಯೆ ಏನು, ಬಳಸುವವರಿಗೆ ಅದರಿಂದ ಏನು ತೊಂದರೆ ಅಂತ ವಿವರಿಸಬೇಕು. ಹಳೆಯ ಕಮಿಟ್ ಒಂದರ ತಪ್ಪನ್ನು ತಿದ್ದುತ್ತಿದ್ದರೆ 'ಫಿಕ್ಸಸ್' ಎಂದು ಬರೆದು, ಅದರ ಐಡಿಯ ಮೊದಲ 12 ಅಕ್ಷರವಾದರೂ ಕೊಡಬೇಕು. ಕೋಡ್ ಸರಿಯಿದ್ದರೂ ವಿವರಣೆ ಸಾಲದಿದ್ದರೆ ರಿವ್ಯೂ ಮಾಡುವವರು ವಾಪಸ್ ಕಳಿಸೋದುಂಟು.

ಇದು ಅತಿಯಾಯ್ತು ಅನ್ನಿಸಬಹುದು. ಆದರೆ ಏನು ಬದಲಾಯ್ತು ಅನ್ನೋದನ್ನ ಡಿಫ್ ಹೇಳುತ್ತೆ. ಯಾಕೆ ಅನ್ನೋದನ್ನ ಬರೆದವರೇ ಹೇಳಬೇಕು. ಅದು ಗೊತ್ತಿಲ್ಲದಿದ್ದರೆ ರಿವ್ಯೂ ಮಾಡುವ ಗೆಳೆಯ ನೋಡೋದು ಸ್ಪೇಸು, ಸೆಮಿಕೋಲನ್ ಮಾತ್ರ.

ಮುಂದಿನ ಕಮಿಟ್‌ಗೆ ಎರಡು ನಿಮಿಷ ಹೆಚ್ಚು ಕೊಡಿ. 'ಸೆನ್ಸರ್ ಶುರುವಾಗೋಕೆ ಸಮಯ ಬೇಕು, ಅದಕ್ಕೇ ಈ ಡಿಲೇ' ಅಂತ ಒಂದು ಸಾಲು ಬರೆದಿದ್ದರೆ ನನ್ನ ಡೆಮೊ ಉಳೀತಿತ್ತು.