ಒಂದೇ ವರ್ಷದ ಸಿಂಹಗಳು



ಕಳೆದ ತಿಂಗಳು ಒಂದು ಸಾಯಂಕಾಲ ಠಾಣಾ ಕುಶನೂರಿನ ನಮ್ಮ ಮನೆಯ ಪಡಸಾಲೆಗೆ ಸೋದರಳಿಯನು ಬಂದು ಕುಳಿತನು. ಆತನು ಸಮೀಪದ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕ. ಮಡಿಚಿದ ಹಾಳೆಯೊಂದನ್ನು ನಮ್ಮ ಕೈಗಿತ್ತನು. ಇಪ್ಪತ್ತೆರಡು ಹಾಕಿ ಸ್ಟಿಕ್ಕು, ಹತ್ತು ಚೆಂಡು, ಗೋಲು ಕಾಯುವ ಇಬ್ಬರಿಗೆ ಕಾಲಿಗೆ ಕಟ್ಟುವ ಪ್ಯಾಡು, ಇಷ್ಟೇ ಅದರಲ್ಲಿದ್ದ ಬೇಡಿಕೆ. ತೊಗರಿ ಕಟಾವಾದ ಹೊಲವೊಂದನ್ನು ಮಕ್ಕಳೇ ಸಮಮಾಡಿಕೊಂಡಿದ್ದಾರೆ, ಜಾಲಿಯ ಕೊಂಬೆ ಹಿಡಿದು ಆಡುತ್ತಿದ್ದಾರೆ, ಜಾತ್ರೆಯ ಲೆಕ್ಕದಲ್ಲಿ ಉಳಿದ ಹಣದಿಂದ ಸಹಾಯವಾಗುವಂತೆ ಹಿರಿಯರಿಗೆ ಒಂದು ಮಾತು ಹೇಳಬೇಕು ಎಂದು ಕೇಳಿಕೊಂಡನು.

ನಾವು ಹೇಳಿದೆವು. ಆದರೆ ಸಭೆಯಲ್ಲಿದ್ದ ವಯೋವೃದ್ಧರೊಬ್ಬರು ನಕ್ಕು, "ಶಾಸ್ತ್ರಿಗಳೇ, ನೀವೇ ಅಂದಿದ್ರಲ್ಲ, ಕೋಟಿಗಟ್ಲೆ ರೊಕ್ಕ ಹಾಕಿದ ಹಾಕಿ ಒಂದೇ ವರ್ಷಕ್ಕ ಮುಗೀತು ಅಂತ. ಈ ಹುಡುಗರ ಆಟ ಎಷ್ಟು ದಿನ ನಿಂದರ್ತದ?" ಎಂದರು. ನಮ್ಮ ಬಾಯಿ ಕಟ್ಟಿತು. ಏಕೆಂದರೆ ಆ ಮಾತು ನಿಜಕ್ಕೂ ನಮ್ಮದೇ. ಅದರ ಬೇರು 2012ರ ಬೇಸಿಗೆಯಲ್ಲಿ ಇದೇ ಸೋದರಳಿಯನಿಗೆ, ಇದೇ ಪಡಸಾಲೆಯಲ್ಲಿ ನಾವು ಆಡಿದ ಮಾತಿನಲ್ಲಿತ್ತು.

ಆಗ ಆತನು ಪಿಯುಸಿ ಎರಡನೆಯ ವರ್ಷದಲ್ಲಿದ್ದನು. ನಮ್ಮ ಗಡಿಯಾಚೆಯ ನಾಂದೇಡದಲ್ಲಿ ಗುರು ಗೋಬಿಂದ ಸಿಂಹರ ಹೆಸರಿನಲ್ಲಿ ನಡೆಯುವ ಅಖಿಲ ಭಾರತ ಹಾಕಿ ಪಂದ್ಯಾವಳಿಯನ್ನು ಬಾಲ್ಯದಲ್ಲಿ ಕಂಡು ಬಂದಂದಿನಿಂದ ಆ ಆಟದ ಗೀಳು ಅವನಿಗೆ ಅಂಟಿತ್ತು. ಮಠದ ಪಾಠಶಾಲೆಯಲ್ಲಿ ಬೆಳೆದು, ಚಿಣಿಫಣಿ ಹಿಡಿದುದಕ್ಕೂ ಗುರುಗಳಿಂದ ಬೈಸಿಕೊಂಡ ನಮಗೆ ಆಟವೆಂದರೆ ಕಾಲಹರಣವೆಂಬ ಭಾವನೆಯೇ ಇತ್ತು. ಆ ವರ್ಷ ಫೆಬ್ರವರಿ 29ರಿಂದ ಏಪ್ರಿಲ್ 2ರವರೆಗೆ ದೂರದರ್ಶಕದ ಪೆಟ್ಟಿಗೆಯ ಮುಂದೆ ಅವನು ಕುಳಿತದ್ದನ್ನು ಕಂಡು, ನಾವೂ ಕೆಲವು ರಾತ್ರಿ ಜೊತೆಗೆ ಕುಳಿತೆವು. ನಡೆಯುತ್ತಿದ್ದುದು ವರ್ಲ್ಡ್ ಸೀರೀಸ್ ಹಾಕಿ ಎಂಬ ರಾಷ್ಟ್ರೀಯ ಲೀಗು.

ಎಂಟು ತಂಡಗಳ ಕೂಟವದು. ಪ್ರತಿ ತಂಡವೂ ಉಳಿದ ಏಳು ತಂಡಗಳೊಡನೆ ತನ್ನ ಊರಿನಲ್ಲೊಮ್ಮೆ, ಅವರ ಊರಿನಲ್ಲೊಮ್ಮೆ ಸೆಣಸಬೇಕು. ಉಪಾಂತ್ಯ, ಅಂತಿಮ ಪಂದ್ಯಗಳೂ ಸೇರಿ ಒಟ್ಟು 59 ಪಂದ್ಯಗಳು. ಮೂವತ್ತೈದು ನಿಮಿಷಗಳ ಎರಡು ಅವಧಿಗಳ ಬದಲು ಹದಿನೇಳೂವರೆ ನಿಮಿಷಗಳ ನಾಲ್ಕು ಅವಧಿಗಳಾಗಿ ಆಟವನ್ನು ವಿಭಾಗಿಸಿದ್ದರು. ನಮ್ಮ ರಾಜ್ಯದ ಹೆಸರು ಹೊತ್ತ ತಂಡ ಕರ್ನಾಟಕ ಲಯನ್ಸ್; ಬೆಂಗಳೂರಿನ ಹಾಕಿ ಕ್ರೀಡಾಂಗಣವೇ ಅದರ ಮನೆಯಂಗಳ. ಕೊಡಗಿನ ಸೋಮವಾರಪೇಟೆಯ ಅರ್ಜುನ್ ಹಾಲಪ್ಪನವರು ನಾಯಕರು, ಭಾರತ ತಂಡದ ಮಾಜಿ ನಾಯಕ ಜೂಡ್ ಫೆಲಿಕ್ಸ್ ಅವರು ತರಬೇತುದಾರರು. ನಲವತ್ತು ದಾಟಿದ ಧನರಾಜ್ ಪಿಳ್ಳೈ ಅವರೂ ಆ ತಂಡದ ಅಂಗಿ ತೊಟ್ಟು ಮರಳಿ ಮೈದಾನಕ್ಕಿಳಿದರು. ನಾಲ್ಕು ಒಲಿಂಪಿಕ್ಸ್ ಆಡಿದ ಆ ಹಿರಿಯರು ಚೆಂಡಿನ ಹಿಂದೆ ಬಾಲಕನಂತೆ ಧಾವಿಸುವುದನ್ನು ಕಂಡು ನಮ್ಮಂಥವರ ಮನಸ್ಸೂ ಕ್ಷಣಕಾಲ ಕರಗಿತ್ತು.

ನಮ್ಮ ಸಿಂಹಗಳು ಕೊನೆಯ ನಾಲ್ಕರ ಘಟ್ಟವನ್ನು ಮುಟ್ಟಿ ಅಲ್ಲಿಗೇ ನಿಂತವು. ಅಂತಿಮ ಪಂದ್ಯದಲ್ಲಿ ಶೇರ್-ಎ-ಪಂಜಾಬ್ ತಂಡವು ಪುಣೆಯ ತಂಡವನ್ನು 5–2ರಿಂದ ಸೋಲಿಸಿ ಪ್ರಶಸ್ತಿಯನ್ನು ಕೊಂಡೊಯ್ದಿತು. ಎರಡನೆಯ ವರ್ಷದ ಲೀಗು ಮುಂದೂಡಲ್ಪಟ್ಟಿತು. ಅನಂತರ ನಡೆಯಲೇ ಇಲ್ಲ. ಪೂರ್ಣ ಸಂಭಾವನೆ ಕೈಸೇರಲಿಲ್ಲವೆಂದು ಆಟಗಾರರು ದೂರಿದ ವಾರ್ತೆಗಳು ಪತ್ರಿಕೆಗಳಲ್ಲಿ ಬಂದವು.

ಸೋದರಳಿಯನು ಬೆಂಗಳೂರಿಗೆ ಹೋಗಿ ಹಾಕಿ ಕಲಿಯುವೆನೆಂದು ಅಪ್ಪಣೆ ಕೇಳಿದುದು ಅದೇ ದಿನಗಳಲ್ಲಿ. ತಂದೆಯಿಲ್ಲದ ಹುಡುಗ, ಹೂಂ ಅನ್ನುವುದೂ ಊಹೂಂ ಅನ್ನುವುದೂ ನಮ್ಮ ಮೇಲೆಯೇ ಇತ್ತು. ಆಟದಿಂದ ಅನ್ನ ಹುಟ್ಟುವುದೇ ಎಂದು ನಾವು ತಡೆದೆವು. ಮುಂದೆ ಲೀಗು ನಿಂತುಹೋದ ಸುದ್ದಿ ಬಂದಾಗ ಅದನ್ನು ನಾಲ್ಕು ಜನರ ಮುಂದೆ ಎತ್ತಿ ಹೇಳಿ, ನಮ್ಮ ವಿವೇಕವನ್ನು ನಾವೇ ಮೆಚ್ಚಿಕೊಂಡೆವು. ಆ ಮಾತೇ ಈಗ ಸಭೆಯಲ್ಲಿ ಸಾಕ್ಷಿಯಾಗಿ ಎದ್ದು ನಿಂತಿತ್ತು.

ಆದ್ದರಿಂದ ಆ ಲೀಗು ಏಕೆ ನಿಂತಿತೆಂಬುದನ್ನು ಈಗ ಶಾಂತಚಿತ್ತದಿಂದ ವಿಚಾರಿಸುವುದು ನಮ್ಮ ಕರ್ತವ್ಯವೆನಿಸಿತು. ಅದಕ್ಕೆ ನಾಲ್ಕು ವರ್ಷ ಹಿಂದೆ ಹೋಗಬೇಕು. 1928ರಲ್ಲಿ ಮೊದಲ ಚಿನ್ನ ಗೆದ್ದಂದಿನಿಂದ ಎಂಟು ಸ್ವರ್ಣಪದಕಗಳನ್ನು ತಂದ ಭಾರತದ ಹಾಕಿ, 2008ರ ಬೀಜಿಂಗ್ ಒಲಿಂಪಿಕ್ಸಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಅದೇ ವರ್ಷ ಹಳೆಯ ಆಡಳಿತ ಸಂಸ್ಥೆಯಾದ ಭಾರತೀಯ ಹಾಕಿ ಫೆಡರೇಷನ್ನನ್ನು ಭಾರತೀಯ ಒಲಿಂಪಿಕ್ ಸಂಸ್ಥೆಯು ಅಮಾನತಿನಲ್ಲಿಟ್ಟಿತು. 2009ರಲ್ಲಿ ಹಾಕಿ ಇಂಡಿಯಾ ಎಂಬ ಹೊಸ ಸಂಸ್ಥೆ ಹುಟ್ಟಿತು. ವಿಶ್ವದ ಹಾಕಿ ಒಕ್ಕೂಟವು ಹೊಸದನ್ನು ಮಾನ್ಯಮಾಡಿತು. ಹಳೆಯದು ತನ್ನ ಹಕ್ಕನ್ನು ಬಿಡಲೊಲ್ಲದಾಯಿತು. ಒಂದು ಮನೆಗೆ ಇಬ್ಬರು ಯಜಮಾನರಾದರೆ ಒಲೆಯ ಗತಿ ಏನಾಗುವುದೆಂದು ನಮ್ಮ ತಾಯಂದಿರಿಗೆ ವಿವರಿಸಬೇಕಾಗಿಲ್ಲ.

2012ರ ಲೀಗನ್ನು ನಡೆಸಿದವರು ಹಳೆಯ ಫೆಡರೇಷನ್ನಿನವರು ಹಾಗೂ ನಿಂಬಸ್ ಎಂಬ ಕ್ರೀಡಾ ಪ್ರಸಾರದ ಸಂಸ್ಥೆಯವರು. ವಿಶ್ವ ಒಕ್ಕೂಟದ ಮನ್ನಣೆ ಅದಕ್ಕಿರಲಿಲ್ಲ. ಅದೇ ವೇಳೆ ದೇಶದ ತಂಡವು ಲಂಡನ್ ಒಲಿಂಪಿಕ್ಸಿನ ಸಿದ್ಧತೆಯಲ್ಲಿತ್ತು. ಹೀಗೆ ಆಟಗಾರನ ಮುಂದೆ ಎರಡು ಬಾಗಿಲುಗಳು ನಿಂತವು. ಒಂದರಲ್ಲಿ ದೇಶದ ಅಂಗಿ, ಇನ್ನೊಂದರಲ್ಲಿ ದುಡಿಮೆಯ ಹಣ. ಕೊಡಗಿನವರೇ ಆದ ಹಾಲಪ್ಪನವರು ಲೀಗಿನಲ್ಲಿ ಆಡಿದರೆ, ಕೊಡಗಿನವರೇ ಆದ ವಿ. ಆರ್. ರಘುನಾಥ್ ಮತ್ತು ಎಸ್. ವಿ. ಸುನಿಲ್ ಅವರು ದೇಶದ ತಂಡದಲ್ಲಿ ಉಳಿದರು. ಒಂದೇ ನಾಡಿನ ಮಕ್ಕಳು ಎರಡು ಅಂಗಳಗಳಿಗೆ ಹಂಚಿಹೋದರು. ಲಂಡನ್ನಿನಲ್ಲಿ ಭಾರತವು ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು. ಇತ್ತ ಲೀಗೂ ಉಳಿಯಲಿಲ್ಲ.

ಇದರಲ್ಲಿ ಆಟದ ತಪ್ಪೇನು? ಆಟಗಾರರ ತಪ್ಪೇನು? ಅವರು ಬೆವರು ಹರಿಸಿ ತಮ್ಮ ಕಾಯಕವನ್ನು ಮಾಡಿ ಮುಗಿಸಿದ್ದರು. ಕಾಯಕ ಮಾಡಿದವನ ಕೂಲಿ ಕೈಸೇರದಿದ್ದರೆ ಕಾಯಕವನ್ನು ಹಳಿಯುವುದು ನಮ್ಮ ಧರ್ಮವಲ್ಲ. ಅಂದು ನಾವು ಅದನ್ನೇ ಮಾಡಿದೆವು. ಇನ್ನೂ ಒಂದು ಸಂಗತಿ. ಆ ಲೀಗಿನವರು ಅನುಸರಿಸಿದ ನಾಲ್ಕು ಅವಧಿಗಳ ಪದ್ಧತಿಯನ್ನು 2014ರಲ್ಲಿ ವಿಶ್ವ ಒಕ್ಕೂಟವೇ ತನ್ನ ಪಂದ್ಯಗಳಿಗೆ, ಹದಿನೈದು ನಿಮಿಷಗಳಂತೆ, ತೆಗೆದುಕೊಂಡಿತು. ಮನ್ನಣೆಯಿಲ್ಲದ ಅಂಗಳದಲ್ಲಿ ಆಡಿದ ಕ್ರಮ ಮನ್ನಣೆಯ ಅಂಗಳದ ನಿಯಮವಾಯಿತು.

ಲೀಗುಗಳ ಚರಿತ್ರೆಯೇ ಹೀಗೆ. 2005ರಲ್ಲಿ ಆರಂಭವಾದ ಪ್ರೀಮಿಯರ್ ಹಾಕಿ ಲೀಗು 2008ಕ್ಕೆ ಮುಗಿಯಿತು. ಅದರ ಮೊದಲ ವರ್ಷದ ಪ್ರಶಸ್ತಿ ಹೈದರಾಬಾದಿನದಾಗಿತ್ತು. 2013ರಲ್ಲಿ ಹಾಕಿ ಇಂಡಿಯಾದವರು ತಮ್ಮದೇ ಲೀಗನ್ನು ತೆರೆದರು. 2017ರ ಬಳಿಕ ಅದೂ ನಿಂತಿತು. 2024ರ ಡಿಸೆಂಬರ್ 28ರಂದು ಅದು ಮರಳಿ ಆರಂಭವಾದಾಗ ಪುರುಷರ ಎಂಟು ತಂಡಗಳಲ್ಲಿ ಕರ್ನಾಟಕದ ಹೆಸರಿನದು ಒಂದೂ ಇರಲಿಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ನಮ್ಮ ಬೀದರ ಸೀಮೆಯ ಹುಡುಗರು ಅನಿವಾರ್ಯವಾಗಿ ಹೈದರಾಬಾದ್ ತೂಫಾನ್ಸ್ ತಂಡವನ್ನೇ ತಮ್ಮದೆಂದುಕೊಂಡರು. 2025ರ ಫೆಬ್ರವರಿ 1ರ ಅಂತಿಮ ಪಂದ್ಯದಲ್ಲಿ ಅದು ಬಂಗಾಳದ ತಂಡಕ್ಕೆ 3–4ರಿಂದ ಸೋತಾಗ ಸೋದರಳಿಯನ ಶಿಷ್ಯರು ಶಾಲೆಗೆ ಮುಖ ಬಾಡಿಸಿಕೊಂಡು ಬಂದರಂತೆ.

ಹಾಗಾದರೆ ಹಾಕಿಯಲ್ಲಿ ನಿಲ್ಲುವುದೇನೂ ಇಲ್ಲವೇ? ಇದೆ, ಅದೂ ನಮ್ಮ ರಾಜ್ಯದಲ್ಲಿಯೇ. ಹಾಲಪ್ಪ, ರಘುನಾಥ್, ಸುನಿಲ್ ಮೂವರೂ ಬೆಳೆದ ಕೊಡಗಿನತ್ತ ನೋಡಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಉತ್ಸವವನ್ನು ಆರಂಭಿಸಿದರು. ಆ ವರ್ಷ ಸೇರಿದವು 60 ಕುಟುಂಬಗಳು. ಕುಟುಂಬವೇ ತಂಡ, ಮನೆತನದ ಹೆಸರೇ ತಂಡದ ಹೆಸರು. ಅಪ್ಪ, ಮಗ, ಮಗಳು ಒಟ್ಟಿಗೆ ಆಡುವರು. ವರ್ಷಕ್ಕೊಂದು ಕುಟುಂಬವು ಆತಿಥ್ಯದ ಭಾರ ಹೊರುವುದು. 2018ರಲ್ಲಿ ಗುಡ್ಡ ಕುಸಿದು ಕೊಡಗು ನರಳಿತು, ಬಳಿಕ ಮಹಾಮಾರಿ ಬಂತು. 2019ರಿಂದ ನಾಲ್ಕು ವರ್ಷ ಉತ್ಸವ ನಡೆಯಲಿಲ್ಲ. ಆದರೆ 2023ರಲ್ಲಿ ಅದು ಮತ್ತೆ ಎದ್ದಿತು. 2024ರಲ್ಲಿ ಕುಂಡ್ಯೋಳಂಡ ಕುಟುಂಬದ ಆತಿಥ್ಯದಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಸೇರಿ ಗಿನ್ನೆಸ್ ದಾಖಲೆಯಲ್ಲಿ ಹೆಸರು ಪಡೆದವು.

ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುವುದು. ಲೀಗಿನ ಭಾರವೆಲ್ಲ ಇಬ್ಬರು ಮೂವರು ಧಣಿಗಳ ಹೆಗಲ ಮೇಲಿತ್ತು. ಅವರ ಹೆಗಲು ಸರಿದೊಡನೆ ಅದು ನೆಲಕ್ಕೆ ಬಿತ್ತು. ಕೊಡಗಿನ ಉತ್ಸವದ ಭಾರ ನೂರಾರು ಮನೆಗಳಿಗೆ ಹಂಚಿಹೋಗಿದೆ. ಒಂದು ಮನೆ ದಣಿದರೆ ಇನ್ನೊಂದು ಎತ್ತಿಕೊಳ್ಳುತ್ತದೆ. ಒಬ್ಬ ದಾನಿಯ ಹೆಸರಿನ ಅನ್ನಛತ್ರವು ಅವನೊಡನೆ ಮುಗಿಯಬಹುದು. ಊರಿನ ಮನೆಮನೆಯಿಂದ ರೊಟ್ಟಿ ಬರುವ ಜಾತ್ರೆಯ ಪಂಕ್ತಿ ತಲೆಮಾರುಗಳ ಕಾಲ ನಡೆಯುವುದನ್ನು ನಾವೇ ಕಂಡಿಲ್ಲವೇ? ಕೊಡಗಿನವರಿಗೆ ಹಾಕಿಯು ಬೆಟ್ಟದ ಗಾಳಿಯಿಂದ ಬಂದುದಲ್ಲ. ಮನೆಯೇ ತಂಡವಾದುದರಿಂದ ಅಲ್ಲಿ ಉಳಿಯಿತು.

ಈ ವಿಚಾರ ಮನಸ್ಸಿನಲ್ಲಿ ಗಟ್ಟಿಯಾದ ಮೇಲೆ ಸೋದರಳಿಯನನ್ನು ಕರೆಸಿ ಕೇಳಿದೆವು: "ಅಂದು ನಾವು ತಡೆದುದಕ್ಕೆ ನಿನಗೆ ಸಿಟ್ಟಿಲ್ಲವೇ?" ಆತನು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದನು. ಆಮೇಲೆ, "ಮಾಮಾ, ಲೀಗ್ ಆಡ್ಲಕ್ ಹೋಗ್ತೀನಿ ಅಂತ ನಾ ಅಂದಿದ್ದಿಲ್ರಿ. ಕಲೀಲಕ್ ಹೋಗ್ತೀನಿ ಅಂದಿದ್ದೆ" ಎಂದನು. ಇಷ್ಟು ವರ್ಷ ಶಾಸ್ತ್ರಗಳನ್ನು ಓದಿ, ಪದಪದಕ್ಕೆ ಅರ್ಥ ಹೇಳಿದ ನಾವು, ಮನೆಯ ಹುಡುಗನ ಒಂದು ಪದವನ್ನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಮರುವಾರ ಹಿರಿಯರ ಸಭೆಯಲ್ಲಿ ನಮ್ಮ ಹಳೆಯ ಮಾತನ್ನು ನಾವೇ ಹಿಂದಕ್ಕೆ ಪಡೆದೆವು. ಜಾತ್ರೆಯ ಉಳಿಕೆ ಹಣವನ್ನು ಮುಟ್ಟುವುದು ಬೇಡ, ಯಾರೊಬ್ಬ ಸಾಹುಕಾರನನ್ನು ಕೇಳುವುದೂ ಬೇಡ, ಇಪ್ಪತ್ತೆರಡು ಮನೆಗಳು ಮನೆಗೊಂದರಂತೆ ಸ್ಟಿಕ್ಕು ಕೊಡಲಿ ಎಂದು ಬಿನ್ನವಿಸಿಕೊಂಡೆವು. ಮುರಿದರೆ ಆ ಮನೆಯವರೇ ಇನ್ನೊಂದು ತಂದುಕೊಡಬೇಕು. ಯಾವ ಮಗುವಿನ ಕೈಯಲ್ಲಿ ಯಾವ ಮನೆಯ ಸ್ಟಿಕ್ಕು ಇದೆಯೆಂದು ನೋಡಲು ಆ ಮನೆಯವರು ಹೊಲದ ಬದುವಿಗೆ ಬರಬೇಕು. ಜಾತಿ-ಮತಗಳ ಲೆಕ್ಕ ಬೇಡ. ಹೆಣ್ಣುಮಕ್ಕಳಿಗೂ ಸಮಪಾಲು ಇರಲಿ. ನಕ್ಕಿದ್ದ ಹಿರಿಯರೇ ಮೊದಲು ಎದ್ದು, "ನಮ್ಮ ಮನೀದೊಂದು ಬರಕೊಳ್ರಿ" ಎಂದರು. ಆ ರಾತ್ರಿಗೆ ಹದಿನಾಲ್ಕು ಮನೆಗಳಾದವು. ಉಳಿದ ಎಂಟು ಇನ್ನೂ ಆಗಬೇಕಾಗಿದೆ.

ಈ ಮಕ್ಕಳಲ್ಲಿ ಒಬ್ಬನಾದರೂ ದೇಶದ ಅಂಗಿ ತೊಡುವನೆಂದು ನಾವು ಹೇಳಲಾರೆವು. ಹುಲ್ಲಿನ ಹೊಲದಿಂದ ಕೃತಕ ಹಾಸಿನ ಅಂಗಳಕ್ಕೆ ದಾರಿ ಬಹು ದೂರ. ಆದರೆ ಮನೆಯ ಮಗುವೊಂದು ಕಲಿಯುತ್ತೇನೆಂದು ಬಾಯಿಬಿಟ್ಟು ಕೇಳಿದಾಗ, ಅದರಿಂದ ಅನ್ನ ಹುಟ್ಟುವುದೇ ಎಂಬ ಪ್ರಶ್ನೆಯನ್ನು ಒಂದು ಗಳಿಗೆ ತಡೆದು, ಮಗು ಕೇಳಿದ್ದೇನೆಂಬುದನ್ನು ಮೊದಲು ಕೇಳಿಸಿಕೊಳ್ಳಿರೆಂದು ವಾಚಕರಲ್ಲಿ ಪ್ರಾರ್ಥಿಸುತ್ತೇವೆ. ನಾವು ಕೇಳಿಸಿಕೊಳ್ಳಲು ತಡಮಾಡಿದೆವು. ಪಟ್ಟಿಯ ಎರಡನೆಯ ಸಾಲಿನಲ್ಲಿರುವ ಸ್ಟಿಕ್ಕು ನಮ್ಮ ಮನೆಯದು.